ಪಿರಮಿಡ್ ತುದಿಯಿಂದ ಇಳಿದ ಮೇಲೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘದವರು ನನಗೆ ಕೊಟ್ಟಿದ್ದ ವಿಷಯ ‘ತಂತ್ರಜ್ಞಾನ ಮತ್ತು ಯುವಜನತೆ’. ಬಿ.ಇ. ಓದಿದ್ದಾನೆ, ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಇವನಿಗೆ ಇದೇ ಸರಿ ಎಂದುಕೊಂಡಿರಬೇಕು. ನಾನೂ ಹೂಂ ಅಂದಿದ್ದೆ. ಆಮೇಲೆ ಆಹ್ವಾನ ಪತ್ರಿಕೆ ಬಂತು. ಅದರಲ್ಲಿ ‘ಸಂಜೆ 5 ಗಂಟೆಗೆ ಶಾಲಾ ಮಕ್ಕಳಿಂದ ಪಿರಮಿಡ್ ಪ್ರದರ್ಶನ’ ಎಂಬ ಒಂದು ಸಾಲು ಇತ್ತು. ಅದನ್ನು ಓದಿದ ಮೇಲೆ ತಂತ್ರಜ್ಞಾನದ ಬಗ್ಗೆ ಒಂದು ವಾಕ್ಯವೂ ಬರೆಯಲಾಗಲಿಲ್ಲ. ಆ ವಿಷಯದ ಮೇಲೆ ಮಾತಾಡುವವರು ನಮ್ಮ ಬೆಂಗಳೂರಿನಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಪಿರಮಿಡ್ಡಿನ ಬಗ್ಗೆ ನನಗೆ ಗೊತ್ತಿರುವುದನ್ನು ಮಾತ್ರ ಬೇರೆಯವರು ಹೇಳಲಾರರು. ಆದ್ದರಿಂದ ಸಂಘದವರು ಕ್ಷಮಿಸಬೇಕು.

ನನ್ನ ಅಕ್ಕನ ಮಗಳಿಂದ ಶುರು ಮಾಡುತ್ತೇನೆ. ಅವಳಿಗೆ ಈಗ 13 ವರ್ಷ. ಬಿ.ಟಿ.ಎಂ. ಲೇಔಟಿನಲ್ಲಿ ಮನೆ, ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಓದು. ಆ ಶಾಲೆಯಲ್ಲಿ ಒಂದು ಚಿಯರ್‌ಲೀಡಿಂಗ್ ತಂಡವಿದೆ, ಇವಳು ಅದರಲ್ಲಿದ್ದಾಳೆ. ಈ ಮಾತು ಕೇಳಿದ ತಕ್ಷಣ ಮುಂದಿನ ಸಾಲಿನ ಹಿರಿಯರು ಏನು ನೆನೆಸಿಕೊಂಡರು ಎಂದು ನನಗೆ ಗೊತ್ತು. 2008ರ ಏಪ್ರಿಲ್ 18ರ ರಾತ್ರಿ, ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಬೆಂಗಳೂರು ತಂಡದವರು ಅಮೆರಿಕದ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದಿಂದ ಕುಣಿಯುವವರನ್ನು ಕರೆಸಿದ್ದರು. ನಾವು ಮನೆಯಲ್ಲಿ ಟೀವಿ ನೋಡುತ್ತಿದ್ದೆವು. ಅವರು ಪರದೆಯ ಮೇಲೆ ಬಂದಾಗಲೆಲ್ಲ ಅಪ್ಪ ಪೇಪರ್ ಎತ್ತಿಕೊಳ್ಳುತ್ತಿದ್ದರು. ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮವರು 82ಕ್ಕೆ ಆಲೌಟ್ ಆದರು. ಆ ರಾತ್ರಿ ಅಪ್ಪ ಪೇಪರನ್ನು ಇಳಿಸಲೇ ಇಲ್ಲ.

ಅಕ್ಕನ ಮಗಳು ಮಾಡುವುದು ಅದಲ್ಲ. ಇದು ಆಟದ ಮಧ್ಯೆ ಕುಣಿಯುವುದಲ್ಲ, ಇದೇ ಒಂದು ಆಟ. ಹುಟ್ಟಿದ್ದು 1898ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಮೊದಲು ಮುಂದೆ ನಿಂತು ಘೋಷಣೆ ಕೂಗಿಸಿದವನು ಒಬ್ಬ ಗಂಡು ವಿದ್ಯಾರ್ಥಿ. ಆಮೇಲೆ ಅದಕ್ಕೆ ಲಾಗ ಬಂತು, ಎತ್ತುವುದು ಬಂತು, ಎಸೆದು ಹಿಡಿಯುವುದು ಬಂತು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಒಮ್ಮೆ ಅವರ ಅಭ್ಯಾಸ ನೋಡಲು ಹೋಗಿದ್ದೆ. ನೋಡುತ್ತ ನೋಡುತ್ತ ನನಗೆ ಕಂಡದ್ದು ನಮ್ಮ ಶಾಲೆಯ ಆಗಸ್ಟ್ 15.

ಅವರ ಲೆಕ್ಕದಲ್ಲಿ ಮೇಲೆ ಹೋಗುವ ಹುಡುಗಿಗೆ ಫ್ಲೈಯರ್ ಎನ್ನುತ್ತಾರೆ. ಕೆಳಗೆ ಎರಡೂ ಪಕ್ಕ ನಿಂತು ಅವಳ ಪಾದ ಹಿಡಿದು ಎತ್ತುವವರು ಬೇಸ್. ಹಿಂದೆ ಒಬ್ಬಳು ನಿಲ್ಲುತ್ತಾಳೆ, ಸಾಮಾನ್ಯವಾಗಿ ತಂಡದಲ್ಲೇ ಎತ್ತರದವಳು, ಅವಳು ಬ್ಯಾಕ್ ಸ್ಪಾಟ್. ಮೇಲಿರುವವಳ ಕಣಕಾಲು ಹಿಡಿದು ಭಾರ ಹಗುರ ಮಾಡುವುದು, ಎಣಿಸುವುದು, ಅವಳು ಕೆಳಗೆ ಬರುವಾಗ ತಲೆ ಮತ್ತು ಭುಜ ನೆಲಕ್ಕೆ ತಾಗದಂತೆ ಹಿಡಿಯುವುದು ಇವಳ ಕೆಲಸ. ಚಪ್ಪಾಳೆ ಎಲ್ಲ ಫ್ಲೈಯರ್‌ಗೆ. ಹಿಂದಿರುವವಳ ಮುಖ ಫೋಟೋದಲ್ಲೂ ಬರುವುದಿಲ್ಲ.

ನಮ್ಮ ಹುಡುಗಿ ಎರಡು ವರ್ಷ ಫ್ಲೈಯರ್ ಆಗಿದ್ದಳು. ಕಡ್ಡಿಯ ಹಾಗಿದ್ದಳು, ಭಯ ಗೊತ್ತಿರಲಿಲ್ಲ. ಈ ವರ್ಷ ಒಮ್ಮೆಲೇ ಉದ್ದವಾದಳು. ಹುಡುಗಿಯರು 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಬೇರೆ ಯಾವಾಗಲೂ ಬೆಳೆಯದಷ್ಟು ಬೇಗ ಬೆಳೆಯುತ್ತಾರೆ. ಒಂದೇ ವರ್ಷದಲ್ಲಿ 8–9 ಸೆಂಟಿಮೀಟರ್ ಆದರೂ ಅದು ಸಹಜವೇ. ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದಿನಿಂದ ಬರುತ್ತದೆ. ನಿನ್ನೆಯವರೆಗೆ ಒಂದು ಅಳತೆಯ ಕಾಲಿಗೆ ಲೆಕ್ಕ ಹಾಕುತ್ತಿದ್ದ ಮೆದುಳಿಗೆ ಇವತ್ತು ಬೇರೆ ಕಾಲು ಸಿಕ್ಕ ಹಾಗೆ. ಮನೆಯಲ್ಲಿ ಈ ವಯಸ್ಸಿನ ಮಕ್ಕಳು ಲೋಟ ಬೀಳಿಸುವುದು, ಬಾಗಿಲಿಗೆ ಭುಜ ಬಡಿದುಕೊಳ್ಳುವುದು ಸುಮ್ಮನೆ ಅಲ್ಲ. ಬೈಯಬೇಡಿ.

ತರಬೇತುದಾರರು ಅವಳಿಗೆ ಇನ್ನು ಮೇಲೆ ಬ್ಯಾಕ್ ಸ್ಪಾಟ್ ಎಂದರು. ಅವಳು ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ರಾತ್ರಿ ಊಟ ಬಿಟ್ಟಳು. ಹಸಿವಿಲ್ಲ, ಶಾಲೆಯಲ್ಲೇ ತಿಂದೆ, ಹೊಟ್ಟೆ ನೋವು, ದಿನಕ್ಕೊಂದು ನೆಪ. ಮೂರು ವಾರ ಆದ ಮೇಲೆ ಅಕ್ಕ ಫೋನ್ ಮಾಡಿ, “ನಿನ್ ಮಾತು ಕೇಳ್ತಾಳೆ, ಒಂದ್ಸಲ ಬಂದು ಹೋಗೋ” ಎಂದಳು. ಹೋದೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟಳು. ಎರಡು ಕೆಜಿ ಇಳಿಸಿದರೆ ಮತ್ತೆ ಮೇಲೆ ಹತ್ತಿಸುತ್ತಾರಂತೆ ಎಂದು ಯಾರೋ ಗೆಳತಿ ಹೇಳಿದ್ದಳಂತೆ. ಬೆಳೆಯುವ ಮೂಳೆಗೆ ಅನ್ನ ಹಾಕದೆ ಅದನ್ನು ಗಿಡ್ಡವಾಗಿ ಇಟ್ಟುಕೊಳ್ಳಲು ಆ ಮಗು ಹೊರಟಿತ್ತು.

ನಾನು ದೊಡ್ಡವರು ಹೇಳುವ ಎಲ್ಲ ಮಾತನ್ನೂ ಹೇಳಿದೆ. ತಂಡ ಮುಖ್ಯ, ಎಲ್ಲ ಜಾಗವೂ ಒಂದೇ ಅಂತ. ದ್ರಾವಿಡ್ ಕಥೆಯನ್ನೂ ಹೇಳಿದೆ. 2003ರ ವಿಶ್ವಕಪ್ಪಿನಲ್ಲಿ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸೇರಿಸಿಕೊಳ್ಳಲು ಜಾಗವಾಗಲಿ ಎಂದು ನಮ್ಮ ಬೆಂಗಳೂರಿನವನೇ ಕೀಪಿಂಗ್ ಗ್ಲೌಸ್ ಹಾಕಿಕೊಂಡನಲ್ಲ, ಅದು. ಅವಳು ಕೇಳಿಸಿಕೊಂಡು ಹೇಳಿದಳು, “ಮಾಮ, ಅವರು ಬ್ಯಾಟಿಂಗೂ ಮಾಡಿದ್ರಲ್ಲ. ನೀನೂ ಸ್ಕೂಲಲ್ಲಿ ಮೇಲೆ ನಿಲ್ತಿದ್ದೆ ಅಂತ ಅಮ್ಮ ಹೇಳಿದ್ಲು. ಇಳಿಸಿದ ಮೇಲೆ ನೀನೇನ್ಮಾಡ್ದೆ?”

ನನಗೆ ಉತ್ತರ ಬರಲಿಲ್ಲ. ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದದ್ದನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಯಾರಿಗೂ ಹೇಳಿರಲಿಲ್ಲ. ಇಲ್ಲಿ ಹೇಳಬೇಕಾದದ್ದು ಅದನ್ನೇ.

ನಾನು ಎಂಟನೇ ತರಗತಿಗೆ ಈ ಶಾಲೆ ಸೇರಿದ್ದು 2001ರಲ್ಲಿ. ಆಗ ನಮ್ಮೂರನ್ನು ಊರು ಎಂದೇ ಕರೆಯುತ್ತಿದ್ದರು. ಈಗ ಜೆ.ಪಿ. ನಗರದ ಎಷ್ಟನೆಯದೋ ಹಂತ ಎಂದು ಹೇಳಿದರೆ ಮಾತ್ರ ಆಟೋದವರಿಗೆ ಅರ್ಥವಾಗುತ್ತದೆ. ಶಾಲೆಯ ಹಿಂದೆ ರಾಗಿ ಹೊಲ ಇತ್ತು. ಕನಕಪುರ ರಸ್ತೆಯ ಮೇಲೆ ಮೆಟ್ರೊ ಇರಲಿಲ್ಲ, ಬನಶಂಕರಿ ದೇವಸ್ಥಾನದವರೆಗೆ ನಡೆದು ಹೋಗಿ ಬಸ್ಸು ಹಿಡಿಯುತ್ತಿದ್ದೆವು. ಹೈಸ್ಕೂಲಿಗೆ ಬಿಸಿಯೂಟ ಇನ್ನೂ ಬಂದಿರಲಿಲ್ಲ. ಇಡೀ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಪೀಚು ನಾನು. ಸಾಲಿನಲ್ಲಿ ಯಾವಾಗಲೂ ಮೊದಲನೆಯವನು, ಕಬಡ್ಡಿಗೆ ಯಾವಾಗಲೂ ಕೊನೆಯವನು.

ಪಿ.ಟಿ. ಮೇಷ್ಟ್ರು ನನ್ನನ್ನು ಪಿರಮಿಡ್ಡಿನ ತುದಿಗೆ ಆರಿಸಿದರು. ಹಳಬರಿಗೆ ಗೊತ್ತು, ನಮ್ಮ ಶಾಲೆಯ ಪಿರಮಿಡ್ ಹತ್ತು ಜನರದು. ಕೆಳಗೆ ನಾಲ್ವರು ಮಂಡಿಯೂರಿ ಅಂಗೈ ನೆಲಕ್ಕೆ ಕೊಟ್ಟು ನಿಲ್ಲುತ್ತಾರೆ, ಅವರ ಬೆನ್ನ ಮೇಲೆ ಮೂವರು, ಅದರ ಮೇಲೆ ಇಬ್ಬರು, ತುದಿಯಲ್ಲಿ ಒಬ್ಬ ಎದ್ದು ನಿಂತು ಬಾವುಟ ಬಿಚ್ಚುತ್ತಾನೆ. 2001ರ ಆಗಸ್ಟ್ 15, ನವೆಂಬರ್ 1, 2002ರ ಜನವರಿ 26, ಮೂರು ಸಲ ನಾನು ಅಲ್ಲಿ ನಿಂತಿದ್ದೇನೆ. ಅಲ್ಲಿಂದ ಸಾರಕ್ಕಿ ಕಡೆಯ ತೆಂಗಿನ ಮರಗಳು ಕಾಣುತ್ತಿದ್ದವು. ಕಬಡ್ಡಿಗೆ ಬೇಡವಾದ ಹುಡುಗನಿಗೆ ಇಡೀ ಊರು ಕತ್ತೆತ್ತಿ ಚಪ್ಪಾಳೆ ಹೊಡೆಯುವುದೆಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ.

ಕೆಳಗಿದ್ದವರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಎಂಜಿನಿಯರಿಂಗ್ ಓದುವಾಗ ಒಂದು ದಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಹತ್ತು ಜನರೂ ಒಂದೇ ತೂಕ ಎಂದು ಇಟ್ಟುಕೊಳ್ಳಿ, ಪ್ರತಿಯೊಬ್ಬನ ಭಾರ ಕೆಳಗಿನ ಇಬ್ಬರಿಗೆ ಅರ್ಧರ್ಧ ಹೋಗುತ್ತದೆ ಎನ್ನಿ. ಎರಡನೇ ಸಾಲಿನ ಇಬ್ಬರ ಮೇಲೆ ಅರ್ಧರ್ಧ ಆಳು. ಮೂರನೇ ಸಾಲಿನಲ್ಲಿ ಅಂಚಿನವರ ಮೇಲೆ ಮುಕ್ಕಾಲು ಆಳು, ನಡುವಿನವನ ಮೇಲೆ ಒಂದೂವರೆ. ತಳದ ಸಾಲಿನಲ್ಲಿ ಅಂಚಿನ ಇಬ್ಬರಿಗೆ ಒಂದು ಆಳಿಗಿಂತ ಕಡಿಮೆ, ನಡುವಿನ ಇಬ್ಬರಿಗೆ ಮಾತ್ರ ಎರಡು ಆಳಿಗಿಂತ ಹೆಚ್ಚು. 35 ಕೆಜಿಯ ಹುಡುಗರಾದರೆ ಸುಮಾರು 74 ಕೆಜಿ, ಒಂದೂವರೆ ಮೂಟೆ ಸಿಮೆಂಟು. ಅಂಗಾಲಿಗೆ ಜಲ್ಲಿ ಚುಚ್ಚುತ್ತಿದೆ ಎಂದು ನಾನು ಮೇಲೆ ದೂರುತ್ತಿದ್ದಾಗ ಅವರ ಅಂಗೈ ಕೆಳಗೂ ಅದೇ ಜಲ್ಲಿ ಇತ್ತು. ಆ ನಡುವಿನ ಇಬ್ಬರಲ್ಲಿ ಒಬ್ಬ ಈವತ್ತಿನ ಈ ಶಾಮಿಯಾನ ಹಾಕಿಸಿದವನು. ಆ ಕಂಬದ ಹತ್ತಿರ ನಿಂತಿದ್ದಾನೆ, ಈಗ ತಲೆ ತಗ್ಗಿಸಿಕೊಂಡ, ನೋಡಿ.

2002ರ ಬೇಸಿಗೆ ರಜೆಯಲ್ಲಿ ನಾನು ಬೆಳೆದುಬಿಟ್ಟೆ. ಮೇಷ್ಟ್ರು ಪಿ.ಟಿ. ಕೊಠಡಿಯ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಎಲ್ಲರ ಎತ್ತರ ಗುರುತು ಹಾಕುತ್ತಿದ್ದರು. ಜೂನ್‌ನಲ್ಲಿ ನಿಲ್ಲಿಸಿ ನೋಡಿದರೆ ಹಳೆಯ ಗೆರೆ ಹೊಸ ಗೆರೆ ನಡುವೆ ಅವರ ಗೇಣಿನ ಅರ್ಧ. ನಕ್ಕರು. “ಲೇ, ನೀನಿನ್ನು ಮೇಲಕ್ಕೆ ಹತ್ತಂಗಿಲ್ಲ ಕಣೋ” ಎಂದರು. ಬೈದು ಹೇಳಿದ್ದರೆ ಚೆನ್ನಾಗಿತ್ತು, ಸಂತೋಷದಿಂದ ಹೇಳಿದರು. ಅದು ಇನ್ನೂ ಚುಚ್ಚಿತು. ಮನೆಗೆ ಬಂದು ಅತ್ತೆ. ಆ ಏಪ್ರಿಲ್‌ನಲ್ಲಷ್ಟೇ ‘ಅಪ್ಪು’ ಬಿಡುಗಡೆಯಾಗಿತ್ತು. ಅಮ್ಮ, “ಬೆಟ್ಟದ ಹೂವಿನ ಹುಡುಗ ಪ್ರಶಸ್ತಿ ತಗೊಂಡ ಮೇಲೂ ಎಷ್ಟ್ ವರ್ಷ ಸುಮ್ಮನಿದ್ದ, ಈಗ ಬರ್ಲಿಲ್ವಾ?” ಎಂದು ಸಮಾಧಾನ ಮಾಡಿದಳು. ಬೆಟ್ಟದ ಹೂವು ಬಂದದ್ದು 1985ರಲ್ಲಿ, ಅಪ್ಪು 2002ರಲ್ಲಿ. ಹದಿನಾಲ್ಕರ ಹುಡುಗನಿಗೆ ಹದಿನೇಳು ವರ್ಷ ಕಾಯಲು ಹೇಳಿದರೆ ಎಂಥ ಸಮಾಧಾನ!

ತುದಿಗೆ ಎಂಟನೇ ತರಗತಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗ ಬಂದ. ನನ್ನನ್ನು ಮೇಷ್ಟ್ರು ಹಿಂದೆ ನಿಲ್ಲಿಸಿದರು. “ನೀನು ಮೇಲೆ ನಿಂತೋನು. ಅವನ ಕಾಲು ನಡುಗೋದು ಎಲ್ಲರಿಗಿಂತ ಮೊದ್ಲು ನಿನಗೆ ಗೊತ್ತಾಗುತ್ತೆ. ಕೈ ಮೇಲಿಟ್ಕೊಂಡು ನಿಂತ್ಕೋ” ಎಂದರು. ಅವರು ನನಗೆ ಒಂದು ಕೆಲಸ ಕೊಟ್ಟಿದ್ದರು. ನಾನು ಅದನ್ನು ಶಿಕ್ಷೆ ಎಂದುಕೊಂಡೆ.

ಆಗಸ್ಟ್ 13, ಮಂಗಳವಾರ, ಸಂಜೆಯ ಅಭ್ಯಾಸ. ಆ ಹುಡುಗ ಹತ್ತಿದ. ಎದ್ದು ನಿಂತ. ಅವನ ಎಡಗಾಲಿನ ಹಿಮ್ಮಡಿ ಮೇಲೆದ್ದದ್ದು ನನಗೆ ಕಂಡಿತು. ಹಿಮ್ಮಡಿ ಎದ್ದರೆ ಮೊಣಕಾಲು ನಡುಗುತ್ತದೆ, ಮೊಣಕಾಲು ನಡುಗಿದರೆ ಸೊಂಟ ಹಿಂದಕ್ಕೆ ಬರುತ್ತದೆ. ನನ್ನ ಕಾಲೇ ಎಷ್ಟೋ ಸಲ ಹಾಗೆ ಮಾಡಿತ್ತು, ಹಾಗಾದಾಗ ಕೆಳಗಿನಿಂದ “ಕೂತ್ಕೋ” ಎಂದು ಯಾರಾದರೂ ಕೂಗಿದರೆ ಸಾಕು, ಬಗ್ಗಿ ಕೂತು ಸುಧಾರಿಸಿಕೊಳ್ಳಬಹುದು ಎಂದೂ ಗೊತ್ತಿತ್ತು. ನಾನು ಕೂಗಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದೆ. ಅವನು ಬೀಳಲಿ ಎಂದು ನಾನು ಬಯಸಲಿಲ್ಲ, ಇದನ್ನು ನೀವು ನಂಬಬೇಕು. ಸ್ವಲ್ಪ ತೂರಾಡಲಿ ಎಂದು ಬಯಸಿದೆ. ಅದು ಎಷ್ಟು ಕಷ್ಟದ ಜಾಗ ಎಂದು ಎಲ್ಲರೂ ನೋಡಲಿ, ನಾನು ಎಷ್ಟು ಚೆನ್ನಾಗಿ ನಿಲ್ಲುತ್ತಿದ್ದೆ ಎಂದು ನೆನೆಸಿಕೊಳ್ಳಲಿ ಎಂದು.

ಅವನು ಹಿಂದಕ್ಕೆ ಬಿದ್ದ. ನಾನು ಕೈ ಬಿಡಿಸುವ ಹೊತ್ತಿಗೆ ನೆಲದ ಮೇಲಿದ್ದ. ಎಡಗೈ ಮಣಿಕಟ್ಟು ಮುರಿದಿತ್ತು.

ಮೇಷ್ಟ್ರು ಅವನನ್ನು ತಮ್ಮ ಸ್ಕೂಟರಿನ ಹಿಂದೆ ಇನ್ನೊಬ್ಬ ಮೇಷ್ಟ್ರ ಮಡಿಲಲ್ಲಿ ಕೂರಿಸಿಕೊಂಡು ಜಯನಗರದ ಆಸ್ಪತ್ರೆಗೆ ಹೋದರು. ಮರುದಿನ ಹುಡುಗನ ತಾಯಿ ಶಾಲೆಗೆ ಬಂದರು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಮೇಷ್ಟ್ರು ಹೆಡ್ ಮಾಸ್ಟರ ಮುಂದೆ ಆ ತಾಯಿಗೆ ಕೈ ಮುಗಿದು, “ತಪ್ಪು ನಂದಮ್ಮ, ನಾನು ನೋಡ್ಕೋಬೇಕಿತ್ತು” ಎಂದರು. ನನ್ನ ಹೆಸರು ಎತ್ತಲಿಲ್ಲ. ನನ್ನನ್ನು ಏನೂ ಕೇಳಲೂ ಇಲ್ಲ. ಸಂಜೆ ಮನೆಗೆ ಹೊರಟಾಗ ಕರೆದು, “ನಾಳೆ ಬೇಗ ಬಾ. ಮೂರೇ ಸಾಲು, ಆರೇ ಜನ. ನೀನು ಹಿಂದೆ” ಎಂದರಷ್ಟೇ. ಮರುದಿನ ಬೆಳಗ್ಗೆ ಇಡೀ ಪ್ರದರ್ಶನ ಮುಗಿಯುವವರೆಗೆ ನಾನು ಎರಡೂ ಕೈ ಮೇಲೆತ್ತಿ ನಿಂತಿದ್ದೆ. ಭುಜ ಸತ್ತುಹೋಗಿತ್ತು. ಹತ್ತನೇ ತರಗತಿ ಮುಗಿಯುವವರೆಗೆ ಆ ಜಾಗ ಬಿಡಲಿಲ್ಲ. ಒಮ್ಮೆ, 2003ರ ಜನವರಿ 26ರಂದು, ತುದಿಯ ಹುಡುಗ ಇಳಿಯುವಾಗ ಜಾರಿ ನೆಟ್ಟಗೆ ನನ್ನ ತೋಳಿಗೆ ಬಂದ, ಅವನ ಬಾವುಟದ ಕೋಲು ನನ್ನ ನೆತ್ತಿಗೆ ಬಡಿಯಿತು. ಯಾರೂ ಗಮನಿಸಲಿಲ್ಲ, ಅಷ್ಟರಲ್ಲಿ ಲೇಜಿಮ್ ಶುರುವಾಗಿತ್ತು. ಮೇಷ್ಟ್ರು ಮಾತ್ರ ದೂರದಿಂದ ನನ್ನ ಕಡೆ ನೋಡಿ ಸೀಟಿ ಬಾಯಿಗಿಟ್ಟುಕೊಂಡರು.

ಅವರು ಇವತ್ತು ವೇದಿಕೆಯ ಮೇಲಿಲ್ಲ, ಹಾರ ಹಾಕಿದ ಫೋಟೋದಲ್ಲಿದ್ದಾರೆ. ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ ಕೇಳುವ ಅವಕಾಶವನ್ನು ನಾನೇ ಕಳೆದುಕೊಂಡೆ.

ಆದರೆ ಬಿದ್ದವನು ಇಲ್ಲೇ ಇದ್ದಾನೆ. ಇವತ್ತು ಬೆಳಗ್ಗೆ ತಿಂಡಿಯ ಹೊತ್ತಿನಲ್ಲಿ ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಹೆಸರು ಎತ್ತದಿದ್ದರೆ ವೇದಿಕೆಯ ಮೇಲೂ ಹೇಳಬಹುದು ಎಂದು ಅನುಮತಿ ಕೊಟ್ಟಿದ್ದಾನೆ. ನಾನು ಹೇಳಿ ಮುಗಿಸಿದ ಮೇಲೆ ಅವನು ಅಂದದ್ದು ಇಷ್ಟು: “ಗೊತ್ತಿತ್ತು ಬಿಡಣ್ಣ. ಬೀಳೋಕ್ ಮುಂಚೆ ಒಂದ್ಸಲ ತಿರುಗಿ ನೋಡ್ದೆ. ಕೈ ಕಟ್ಕೊಂಡಿದ್ದೆ. ಉಪ್ಪಿಟ್ಟು ತಿನ್ನು, ಆರೋಗುತ್ತೆ.” ಇಷ್ಟು ವರ್ಷ ಊರಬ್ಬದಲ್ಲಿ, ಮದುವೆಗಳಲ್ಲಿ, ಕೋಣನಕುಂಟೆ ಕ್ರಾಸಿನಲ್ಲಿ ಸಿಕ್ಕಾಗಲೆಲ್ಲ “ಏನಣ್ಣ ಚೆನ್ನಾಗಿದ್ದೀಯಾ” ಎಂದು ಕೈ ಕೊಟ್ಟವನು ಅವನು. ಕೊಟ್ಟದ್ದು ಬಲಗೈ, ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಇದೆಲ್ಲ ಹಳೆಯ ಕಥೆ ಎನ್ನಬೇಡಿ. ಸಾಫ್ಟ್‌ವೇರಿನಲ್ಲೂ ತುದಿಯಲ್ಲಿ ನಿಲ್ಲುವ ಒಂದು ವಯಸ್ಸಿದೆ. ಇಪ್ಪತ್ತೈದರಲ್ಲಿ ರಾತ್ರಿಯಿಡೀ ಕೂತು ಕೋಡ್ ಬರೆಯುತ್ತಿದ್ದೆ, ಎಲ್ಲರೂ ನನ್ನ ಹೆಸರು ಹೇಳುತ್ತಿದ್ದರು. ಈಗ ಮೂವತ್ತೈದು ದಾಟಿದೆ. ಬೇರೆಯವರು ಬರೆದದ್ದನ್ನು ಓದಿ, ಎಲ್ಲಿ ಮುರಿಯುತ್ತದೆ ಎಂದು ಹೇಳುವುದು ನನ್ನ ಕೆಲಸ. ಕೆಲವು ತಿಂಗಳ ಹಿಂದೆ ಒಬ್ಬ ಹೊಸ ಹುಡುಗ, ಬಹಳ ಚುರುಕು, ನನಗಿಂತ ಚುರುಕು, ಬರೆದದ್ದನ್ನು ನೋಡುತ್ತಿದ್ದೆ. ಒಂದು ಕಡೆ ಅವನ ಹಿಮ್ಮಡಿ ಎದ್ದಿತ್ತು. ರಾತ್ರಿ ಎರಡು ಗಂಟೆಗೆ ಅದು ಬೀಳುತ್ತದೆ ಎಂದು ನನಗೆ ಗೊತ್ತಾಯಿತು. ಒಂದು ಕ್ಷಣ, ನಿಜವಾಗಿ ಒಂದು ಕ್ಷಣ, ಕೈ ಕಟ್ಟಿಕೊಂಡು ನೋಡೋಣ ಎನ್ನಿಸಿತು. ಅದೇ ಆಸೆ, ಅದೇ ರುಚಿ. ಆಮೇಲೆ ಫೋನ್ ಮಾಡಿ ಹೇಳಿದೆ. ಅವನು “ಥ್ಯಾಂಕ್ಸ್ ಸರ್” ಎಂದು ಫೋನ್ ಇಟ್ಟ. ಅವನಿಗೇನು ಗೊತ್ತು!

ಮೇಲಿನ ಜಾಗ ಯಾರಿಗೂ ಉಳಿಯುವುದಲ್ಲ ಎಂಬುದನ್ನು ಮೊದಲೇ ತಿಳಿದು ವ್ಯವಸ್ಥೆ ಮಾಡಿಕೊಂಡವರೂ ಇದ್ದಾರೆ. ನನ್ನ ಜೊತೆ ಕೆಲಸ ಮಾಡುವ ಉಡುಪಿ ಕಡೆಯ ಒಬ್ಬರು ಯಕ್ಷಗಾನದ ಬಗ್ಗೆ ಹೇಳುತ್ತಿದ್ದರು. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ, ಬಾಲಗೋಪಾಲ ಎಂದು ಪೂರ್ವರಂಗದಲ್ಲಿ ಕುಣಿಯುತ್ತಾನೆ. ಮೀಸೆ ಚಿಗುರಿದರೆ ಆ ವೇಷ ಮುಗಿಯಿತು. ಮುಂದೆ ಸ್ತ್ರೀವೇಷವೋ ಪುಂಡುವೇಷವೋ, ಆಮೇಲೆ ಅದಕ್ಕೂ ದೊಡ್ಡ ವೇಷ. ಬಾಲಗೋಪಾಲ ಬಿಟ್ಟದ್ದಕ್ಕೆ ಯಾವ ಹುಡುಗನೂ ಊಟ ಬಿಡುವುದಿಲ್ಲ, ಬಿಡಬೇಕು ಎಂದು ಬಣ್ಣ ಹಚ್ಚಿದ ದಿನವೇ ಗೊತ್ತಿರುತ್ತದೆ. ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಜನ ಒಬ್ಬರ ಭುಜದ ಮೇಲೊಬ್ಬರು ನಿಂತು ಎಂಟು ಒಂಬತ್ತು ಅಂತಸ್ತಿನ ಗೋಪುರ ಕಟ್ಟುತ್ತಾರೆ. 2010ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ತುದಿಗೆ ಹತ್ತುವುದು ಒಂದು ಪುಟ್ಟ ಮಗು, ಕೈ ಎತ್ತಿ ಇಳಿದುಬಿಡುತ್ತದೆ. ಬುಡದಲ್ಲಿ ನೂರಾರು ಜನ ಒತ್ತಿಕೊಂಡು ನಿಂತಿರುತ್ತಾರೆ. ಭಾರ ತಡೆಯುವವರೂ ಅವರೇ, ಮೇಲಿನಿಂದ ಯಾರಾದರೂ ಬಿದ್ದರೆ ಹಾಸಿಗೆಯೂ ಅವರೇ. ಅಲ್ಲೂ 2006ರಲ್ಲಿ 12 ವರ್ಷದ ಒಂದು ಹುಡುಗಿ ಬಿದ್ದು ತೀರಿಕೊಂಡಳು, ಆಮೇಲೆ ಮಕ್ಕಳ ತಲೆಗೆ ಹೆಲ್ಮೆಟ್ ಬಂತು. ಮುಂಬಯಿಯ ಮೊಸರು ಗಡಿಗೆಯ ಗೋಪುರಗಳಿಗೂ ಕೋರ್ಟು ಕಟ್ಟಳೆ ಎಲ್ಲ ಆಗಿ, 14ರ ಒಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು 2017ರಲ್ಲಿ ಅಲ್ಲಿನ ಸರ್ಕಾರ ಹೈಕೋರ್ಟಿಗೆ ಒಪ್ಪಿಕೊಂಡಿತು.

ನಮ್ಮ ಶಿಕ್ಷಕರಲ್ಲಿ ಒಂದು ವಿನಂತಿ, ಅಧಿಕಪ್ರಸಂಗ ಎನ್ನಿಸಿದರೆ ಮನ್ನಿಸಿ. ತುದಿಗೆ ಹತ್ತಿಸುವ ಮಗುವಿಗೆ ಹತ್ತಿಸುವ ದಿನವೇ ಹೇಳಿಬಿಡಿ: ಇದು ನಿನಗೆ ಒಂದು ವರ್ಷಕ್ಕೆ, ಮುಂದಿನ ವರ್ಷ ನೀನು ಇನ್ನೊಬ್ಬರನ್ನು ಹಿಡಿಯುವವಳು ಎಂದು. ಎಲ್ಲರೆದುರು ತೂಕ ಹಾಕಬೇಡಿ. ಎಷ್ಟು ಹಗುರ ಇದ್ದಾಳೆ ನೋಡಿ ಎಂದು ಹೊಗಳಬೇಡಿ. ಆ ಹೊಗಳಿಕೆ ಎರಡು ವರ್ಷದ ಮೇಲೆ ಅವಳ ತಟ್ಟೆಗೆ ಬಂದು ಕೂರುತ್ತದೆ, ನಾನು ನೋಡಿದ್ದೇನೆ. ಮತ್ತೆ ಹಿಂದೆ ನಿಲ್ಲುವವರ ಹೆಸರನ್ನೂ ಮೈಕಿನಲ್ಲಿ ಓದಿ. ಅರ್ಧ ನಿಮಿಷ ಸಾಕು.

ಅಕ್ಕನ ಮಗಳಿಗೆ ಆ ದಿನ ತಾರಸಿಯ ಮೇಲೆ ಈ ಎಲ್ಲವನ್ನೂ ಹೇಳಿದೆ. ಮೊದಲ ಸಲ ಬಾಯಿ ಬಿಟ್ಟದ್ದು ಅವಳ ಮುಂದೆಯೇ. ಅವಳು ನನ್ನನ್ನು ಕೆಟ್ಟವನು ಎಂದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು, “ಮಾಮ, ಆ ಹುಡುಗನ ಕೈ ಸರಿ ಹೋಯ್ತಾ?” ಎಂದು. ಅದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಈಗ ಅವಳು ಹಿಂದೆ ನಿಲ್ಲುತ್ತಾಳೆ. ಬಹಳ ಸಂತೋಷದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಸ ಫ್ಲೈಯರ್ ಮೇಲೆ ಹೋದಾಗ ಇವಳ ಗಲ್ಲ ತಾನೇ ಮೇಲೇಳುತ್ತದೆ, ತಾನೇ ಹೋದ ಹಾಗೆ. ಆದರೆ ಆ ಹೊಸ ಹುಡುಗಿ ಮೊದಲ ವಾರ ಹೆದರಿ ಅಳುತ್ತಿದ್ದಾಗ, ಕೆಳಗೆ ನೋಡಬೇಡ, ಎದುರಿನ ಗೋಡೆಯ ಗಡಿಯಾರ ನೋಡು ಎಂದು ಹೇಳಿಕೊಟ್ಟವಳು ಇವಳೇ. ತರಬೇತುದಾರರಿಗೆ ಆ ಗಡಿಯಾರದ ವಿಷಯ ಗೊತ್ತಿಲ್ಲ, ಅವರು ಅಲ್ಲಿಗೆ ಹತ್ತಿದವರಲ್ಲ. ಊಟ ಪರವಾಗಿಲ್ಲ. ಕಳೆದ ಭಾನುವಾರ ಅಕ್ಕನ ಮನೆಯಲ್ಲಿ ಒಂದೂವರೆ ಮುದ್ದೆ ಉಂಡಳು, ಅರ್ಧ ನನ್ನ ತಟ್ಟೆಯದು.

ಇನ್ನು ಇವತ್ತಿನ ಸಂಜೆಯ ವಿಷಯ. ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ. ಪಿರಮಿಡ್ ಮೂರೇ ಸಾಲು. ತುದಿಯಲ್ಲಿ ಎಂಟನೇ ತರಗತಿಯ ಒಂದು ಹುಡುಗಿ, ಬೆಳಗ್ಗೆ ನೋಡಿದೆ, ಹಿಮ್ಮಡಿ ಗಟ್ಟಿಯಾಗಿ ಊರುತ್ತಾಳೆ. ಜಲ್ಲಿಯ ಮೇಲೆ ಹಾಸಲು ನಮ್ಮ 2004ರ ತಂಡದವರು ದಪ್ಪ ಮ್ಯಾಟ್ ತಂದಿದ್ದಾರೆ, ಕಾರ್ಯಕ್ರಮ ಆದ ಮೇಲೆ ಅದು ಶಾಲೆಗೇ. ಸುತ್ತ ನಿಲ್ಲಲು ನಾಲ್ಕು ಜನ ದೊಡ್ಡವರು ಬೇಕು. ಹಿಂದಿನ ಜಾಗಕ್ಕೆ ನನ್ನ ಹೆಸರು ಬರೆಸಿದ್ದೇನೆ. ಬಲಪಕ್ಕಕ್ಕೆ, ಉಪ್ಪಿಟ್ಟು ತಿನ್ನಲು ಹೇಳಿದವನು ಬರೆಸಿದ್ದಾನೆ. ಎಡಗೈ ಇನ್ನೂ ಪೂರ್ತಿ ತಿರುಗುವುದಿಲ್ಲವಂತೆ, ಅದಕ್ಕೇ ಬಲಪಕ್ಕ ಕೇಳಿದ್ದಾನೆ. ಇನ್ನೂ ಎರಡು ಜಾಗ ಇದೆ. ಮನಸ್ಸಿದ್ದವರು ನಾಲ್ಕೂವರೆಗೆ ಧ್ವಜಸ್ತಂಭದ ಹತ್ತಿರ ಬನ್ನಿ. ಉಂಗುರ, ವಾಚು ತೆಗೆದು ಮನೆಯವರ ಕೈಗೆ ಕೊಟ್ಟು ಬನ್ನಿ, ಮಗುವಿಗೆ ಗೀರುತ್ತದೆ.